ಮಂಜಿನ ಕೋಟೆಯ ಒಳಗುಟ್ಟುಗಳು

ಬೆಂಗಳೂರಿನ ದಕ್ಷಿಣ ಭಾಗದ ಕುಮಾರಸ್ವಾಮಿ ಲೇಔಟು ವಿದ್ಯಾರ್ಥಿಗಳ ಬಡಾವಣೆ. ಶಾವಿಗೆ ಮಲ್ಲೇಶ್ವರ ಗುಡ್ಡದ ದಯಾನಂದ ಸಾಗರ ವಿದ್ಯಾಸಂಸ್ಥೆಗಳಿಗೆ ಓದಲು ಬಂದ ತರುಣ ತರುಣಿಯರು ಸುತ್ತಣ ಬೀದಿಗಳಲ್ಲಿ ಕೊಠಡಿ ಹಿಡಿದು ವಾಸಿಸುವರು. ಅಂಥ ಕೊಠಡಿಯೊಂದರಲ್ಲಿ ಶನಿವಾರ ರಾತ್ರಿ ಐದಾರು ಮಂದಿ ಮೇಜಿನ ಸುತ್ತ ಕುಳಿತು ದಾಳ ಉರುಳಿಸುತ್ತಿದ್ದರೆ ಮನೆಯ ಯಜಮಾನರಿಗೆ ಶಂಕೆ ಮೂಡುವುದು ಸಹಜ. ದಾಳವೆಂದೊಡನೆ ಶಕುನಿಯನ್ನೂ ಜೂಜನ್ನೂ ನೆನೆಯುವ ನಾಡಿದು. ಆದರೆ ಕಿವಿಗೊಟ್ಟು ಕೇಳಿದರೆ ಹಣದ ಮಾತೇ ಇರದು. ಪಾಳು ಕೋಟೆ, ದಟ್ಟವಾದ ಮಂಜು, ತೋಳಗಳ ಕೂಗು, ನೂರಾರು ವರ್ಷಗಳಿಂದ ಸಾಯದೆ ಉಳಿದ ಒಬ್ಬ ಪ್ರಭು—ಇಂಥ ಮಾತುಗಳೇ ಕೇಳಿಸಬಹುದು. ಏಕೆಂದರೆ ಈ ದಾಳಗಳಿಗೆ ಪಣವಿಲ್ಲ. ಅವು ಕಥೆ ಹೇಳುವ ದಾಳಗಳು.

ಆ ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನರು ರಚಿಸಿದ ಇದು 1974ರಲ್ಲಿ ಮೊದಲು ಅಚ್ಚಾಯಿತು. ಇದರಲ್ಲಿ ಹಲಗೆಯಾಗಲಿ ಕಾಯಿಗಳಾಗಲಿ ಇರಲೇಬೇಕೆಂದಿಲ್ಲ. ಒಬ್ಬನು ಸೂತ್ರಧಾರ, ಉಳಿದವರು ಪಾತ್ರಧಾರಿಗಳು. ಸೂತ್ರಧಾರನು ಸನ್ನಿವೇಶವನ್ನು ಮಾತಿನಲ್ಲಿ ಬಣ್ಣಿಸುವನು. ಪಾತ್ರಧಾರಿಗಳು ತಾವು ಏನು ಮಾಡುವೆವೆಂದು ಹೇಳುವರು. ಕೆಲಸ ಕೈಗೂಡಿತೇ ಇಲ್ಲವೇ ಎಂಬುದನ್ನು ದಾಳ ತೀರ್ಮಾನಿಸುವುದು. ಸಾಮಾನ್ಯವಾದ ಆರು ಮುಖದ ದಾಳದಿಂದ ಹಿಡಿದು ಇಪ್ಪತ್ತು ಮುಖದ ದಾಳದವರೆಗೆ ಬಗೆಬಗೆಯ ದಾಳಗಳು ಇದಕ್ಕೆ ಬೇಕು.

ಕರಾವಳಿಯ ತಾಳಮದ್ದಳೆಯನ್ನು ಕಂಡವರಿಗೆ ಈ ಕ್ರಮ ತೀರ ಹೊಸದೆನಿಸದು. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲಿಯೇ ಆಶುವಾಗಿ ಅರ್ಥ ಹೇಳುತ್ತ ಕಲಾವಿದರು ಕರ್ಣನೂ ಆಗುವರು, ಕೃಷ್ಣನೂ ಆಗುವರು. ಭೇದವೆಂದರೆ, ತಾಳಮದ್ದಳೆಯಲ್ಲಿ ಕರ್ಣನ ಗತಿ ಮೊದಲೇ ನಿಶ್ಚಿತ; ಈ ಆಟದಲ್ಲಿ ಕಡೆಗೆ ಏನಾಗುವುದೆಂಬುದನ್ನು ಸೂತ್ರಧಾರನೂ ಅರಿಯನು.

ಈ ಆಟಕ್ಕಾಗಿ ಬರೆದು ಮಾರಿದ ಸಿದ್ಧಕಥೆಗಳು ನೂರಾರು. ಅವುಗಳಲ್ಲಿ ಭಯಾನಕ ರಸಕ್ಕೆ ಹೆಸರಾದದ್ದು ‘ರೇವನ್‌ಲಾಫ್ಟ್’. ಪಾಳುಗೋಟೆ, ಶಾಪ, ಮುಚ್ಚಿಟ್ಟ ಹಳೆಯ ಪಾಪ—ಇವನ್ನೇ ಬಂಡವಾಳವಾಗಿ ಉಳ್ಳ ಯೂರೋಪಿನ ‘ಗಾಥಿಕ್’ ಕಥೆಗಳ ವಂಶಕ್ಕೆ ಇದು ಸೇರಿದ್ದು. 1983ರಲ್ಲಿ 32 ಪುಟಗಳ ತೆಳುವಾದ ಪುಸ್ತಿಕೆಯಾಗಿ ಹೊರಬಂದ ಈ ಕಥೆ, ನಾಲ್ಕು ದಶಕಗಳಲ್ಲಿ ಕಾದಂಬರಿಗಳಾಗಿ, ಹಲಗೆಯಾಟವಾಗಿ, ಕೊನೆಗೆ ಒಂದಿಡೀ ಕತ್ತಲ ಲೋಕವಾಗಿ ಹಬ್ಬಿದೆ. ಆ ಲೋಕದ ತೆರೆಯ ಹಿಂದಿನ ಸಂಗತಿಗಳು ತೆರೆಯ ಮುಂದಿನ ಕಥೆಗಿಂತ ಕಡಿಮೆ ಸ್ವಾರಸ್ಯದವಲ್ಲ. ಅವುಗಳಿಗೆಲ್ಲ ಮೂಲ ಒಂದೇ ಒಂದು ಪ್ರಶ್ನೆ.

ದಾರಿ ತಪ್ಪಿದ ಪಿಶಾಚಿ

ಟ್ರೇಸಿ ಹಿಕ್‌ಮನ್ ಮತ್ತು ಲಾರಾ ಹಿಕ್‌ಮನ್ ಅಮೆರಿಕದ ಯೂಟಾ ರಾಜ್ಯದಲ್ಲಿ ನೆಲೆಸಿದ್ದ ದಂಪತಿಗಳು. 1977ರಲ್ಲಿ ಅವರ ವಿವಾಹವಾಯಿತು. ಅನಂತರದ ದಿನಗಳಲ್ಲಿ ಒಮ್ಮೆ ಟ್ರೇಸಿಯವರು ಇತರರೊಡನೆ ಈ ಆಟ ಆಡುತ್ತಿದ್ದರು. ನೆಲಮಾಳಿಗೆಯೊಂದರಲ್ಲಿ ಕೋಣೆಯಿಂದ ಕೋಣೆಗೆ ಹೋಗುವುದು, ಎದುರಾದ ಪ್ರಾಣಿಯನ್ನು ಕೊಲ್ಲುವುದು, ಅದರ ಹೊನ್ನನ್ನು ದೋಚುವುದು—ಆಟ ಹೀಗೆಯೇ ಸಾಗಿದ್ದಿತು. ಮುಂದಿನ ಕೋಣೆಯ ಬಾಗಿಲು ತೆರೆದರೆ ಒಳಗೊಂದು ರಕ್ತಪಿಶಾಚಿ! ಟ್ರೇಸಿಯವರಿಗೆ ಹೆದರಿಕೆಯಾಗಲಿಲ್ಲ, ಬೇಸರವಾಯಿತು. ಈ ಪಿಶಾಚಿ ಇಲ್ಲೇಕೆ ಇದೆ? ನೆಲದಡಿಯ ಈ ಗೂಡಿನಲ್ಲಿ ಅದಕ್ಕೇನು ಕೆಲಸ? ಅದು ಯಾರಿಗಾಗಿ ಕಾದು ಕುಳಿತಿದೆ?

ಮನೆಗೆ ಹಿಂದಿರುಗಿದ ಮೇಲೂ ಆ ಪ್ರಶ್ನೆ ಅವರನ್ನು ಬಿಡಲಿಲ್ಲ. ರಕ್ತಪಿಶಾಚಿಯೆಂದರೆ ಸಾಮಾನ್ಯ ಪ್ರಾಣಿಯಲ್ಲ. ಬ್ರಾಮ್ ಸ್ಟೋಕರರ ‘ಡ್ರಾಕುಲಾ’ ಕಾದಂಬರಿ 1897ರಲ್ಲಿ ಪ್ರಕಟವಾದಂದಿನಿಂದಲೂ, 1931ರ ಚಲಚ್ಚಿತ್ರದಲ್ಲಿ ಬೇಲಾ ಲುಗೋಸಿ ಆ ಪಾತ್ರವನ್ನು ಧರಿಸಿದಂದಿನಿಂದಲೂ ಕೋಟ್ಯಂತರ ಜನರ ನಿದ್ರೆ ಕೆಡಿಸಿದ ಕಲ್ಪನೆ ಅದು. ಆದರೆ ಮೇಜಿನ ಆಟದಲ್ಲಿ ಅದು ಕೇವಲ ಹೊಡೆದು ಉರುಳಿಸುವ ಗೊಂಬೆಯಾಗಿದ್ದಿತು. ದಂಪತಿಗಳಿಬ್ಬರೂ ಕುಳಿತು ಆ ಪಿಶಾಚಿಗೆ ಒಂದು ಊರನ್ನು ಕೊಟ್ಟರು, ಒಂದು ಮನೆತನವನ್ನು ಕೊಟ್ಟರು, ಎಲ್ಲಕ್ಕಿಂತ ಮಿಗಿಲಾಗಿ ಒಂದು ಪಾಪವನ್ನು ಕೊಟ್ಟರು.

ಹೀಗೆ ಜನ್ಮತಾಳಿದವನು ಬರೋವಿಯಾ ಸೀಮೆಯ ಪ್ರಭು ಸ್ಟ್ರಾಡ್ ಫಾನ್ ಜಾರೋವಿಚ್. ಯೌವನವನ್ನೆಲ್ಲ ಯುದ್ಧದಲ್ಲಿ ಕಳೆದವನು. ಮುಪ್ಪು ಸಮೀಪಿಸುತ್ತಿದ್ದಾಗ ತನ್ನ ತಮ್ಮ ಸೆರ್ಗೈ ವರಿಸಲಿದ್ದ ತಾತ್ಯಾನಾ ಎಂಬ ಕನ್ಯೆಯಲ್ಲಿ ಮೋಹಗೊಂಡನು. ಯೌವನದ ಆಸೆಗಾಗಿ ಮೃತ್ಯುವಿನೊಡನೆ ಒಪ್ಪಂದ ಮಾಡಿಕೊಂಡು, ಮದುವೆಯ ದಿನವೇ ತಮ್ಮನನ್ನು ಕೊಂದನು. ತಾತ್ಯಾನಾ ಅವನಿಗೆ ದಕ್ಕಲಿಲ್ಲ. ಕೋಟೆಯ ಮೇಲಿನಿಂದ ಹಾರಿ ಪ್ರಾಣ ನೀಗಿದಳು. ಸಾವಿಲ್ಲದ ಬಾಳು ಮಾತ್ರ ಅವನ ಪಾಲಿಗೆ ಉಳಿಯಿತು. ಆಕೆಯನ್ನೇ ಹೋಲುವ ಇನ್ನೊಬ್ಬ ತರುಣಿ ಊರಿನಲ್ಲಿ ಕಾಣಿಸಿಕೊಂಡಾಗ ಆಟದ ಕಥೆ ಆರಂಭವಾಗುವುದು. ಈಗ ಪಿಶಾಚಿ ಅಲ್ಲೇಕೆ ಇದೆಯೆಂದು ಯಾರೂ ಕೇಳಬೇಕಾಗಿಲ್ಲ.

ಬಾಗಿಲ ಹೊರಗೆ ನಿಂತವನು

ಸ್ಟ್ರಾಡನು ಎಷ್ಟೇ ಬಲಶಾಲಿಯಾದರೂ, ಯೂರೋಪಿನ ಹಳೆಯ ನಂಬಿಕೆಯಂತೆ, ಮನೆಯವರು ಕರೆಯದೆ ಅವನು ಹೊಸ್ತಿಲು ದಾಟಲಾರನು. ಇದನ್ನು ಓದುವ ಬೆಂಗಳೂರಿಗರಿಗೆ ನಗೆ ಬಂದೀತು. 1990ರ ದಶಕದಲ್ಲಿ ಇಲ್ಲಿಯೂ ಒಂದು ದೆವ್ವದ ಸುದ್ದಿ ಹಬ್ಬಿತ್ತಷ್ಟೆ. ರಾತ್ರಿಯ ಹೊತ್ತು ಪರಿಚಿತರ ದನಿಯಲ್ಲಿ ಕೂಗುವ ಆ ದೆವ್ವಕ್ಕೆ ಓಗೊಟ್ಟು ಬಾಗಿಲು ತೆರೆದರೆ ಸಾವು ಖಂಡಿತವೆಂದು ಜನ ಮಾತಾಡಿಕೊಂಡರು. ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಓದಿ ಹಿಂದಿರುಗಬೇಕು, ಮರುದಿನ ಬಂದು ಮತ್ತೆ ಅದನ್ನೇ ಓದಬೇಕು!

ಎರಡು ಖಂಡಗಳ ಈ ಎರಡು ಕಲ್ಪನೆಗಳಲ್ಲಿಯೂ ಭಯ ನಿಲ್ಲುವ ಸ್ಥಳ ಒಂದೇ: ಮನೆಯ ಹೊಸ್ತಿಲು. ಯೂರೋಪಿನ ಪಿಶಾಚಿಯನ್ನು ಶಿಷ್ಟಾಚಾರ ತಡೆಯುವುದು. ಬೆಂಗಳೂರಿನ ದೆವ್ವವನ್ನು, ಕಚೇರಿಗಳಿಗೆ ಅಲೆದವರಿಗೆಲ್ಲ ಚಿರಪರಿಚಿತವಾದ ಒಂದು ವಾಯಿದೆಯ ಮಾತು ತಡೆಯಿತು.

ಮಕ್ಕಳ ಬೂಟಿಗೆ ಹಣವಿಲ್ಲದ ದಿನಗಳು

ಹಿಕ್‌ಮನ್ ದಂಪತಿಗಳು ತಮ್ಮ ಕಥೆಗೆ ಮೊದಲು ಇಟ್ಟ ಹೆಸರು ‘ವ್ಯಾಂಪೈರ್’; ಹಳೆಯ ಕಾಲದ ಅಕ್ಷರಜೋಡಣೆಯಲ್ಲಿ ಬರೆದದ್ದು. ಐದು ವರ್ಷಗಳ ಕಾಲ ಅವರು ಪ್ರತಿ ‘ಹ್ಯಾಲೊವೀನ್’ ಹಬ್ಬದಲ್ಲಿ, ಎಂದರೆ ಅಕ್ಟೋಬರ್ 31ರ ಭೂತಗಳ ರಾತ್ರಿಯಲ್ಲಿ, ಮನೆಯವರನ್ನೂ ಸ್ನೇಹಿತರನ್ನೂ ಕೂಡಿಸಿ ಆಡಿಸುವರು. ಆದರೆ ಬಂದವರಾರೂ ಆ ಹೆಸರನ್ನು ಹೇಳಲಿಲ್ಲ. ಕಥೆಯೊಳಗಿನ ಕೋಟೆಯ ಹೆಸರನ್ನು ಹಿಡಿದು, ಆ ‘ರೇವನ್‌ಲಾಫ್ಟ್’ ಆಟವನ್ನೇ ಮತ್ತೆ ಆಡೋಣವೆಂದು ಕೇಳುತ್ತಿದ್ದರು. ಕಡೆಗೆ ಆಡುವವರು ಇಟ್ಟ ಹೆಸರೇ ನಿಂತಿತು.

ತಮ್ಮ ಕಥೆಗಳಿಗೆ ದಂಪತಿಗಳು ನಾಲ್ಕು ಕಟ್ಟುಪಾಡುಗಳನ್ನು ವಿಧಿಸಿಕೊಂಡಿದ್ದರು. ಕೊಲೆ ಸುಲಿಗೆಗಿಂತ ಮೇಲಾದ ಒಂದು ಗುರಿ ಇರಬೇಕು. ಆಟದೊಡನೆ ಹೆಣೆದುಕೊಂಡ ಕುತೂಹಲಕರ ಕಥೆ ಇರಬೇಕು. ಕಟ್ಟಡಗಳು ಮನುಷ್ಯರು ಕಟ್ಟಿದಂತೆ ಬುದ್ಧಿಗೆ ಒಪ್ಪಬೇಕು. ಒಂದೆರಡು ಕೂಟಗಳಲ್ಲಿ ಮುಟ್ಟಬಹುದಾದ ಗೌರವಯುತವಾದ ಮುಕ್ತಾಯ ಇರಬೇಕು. ಹೊಡೆದು ದೋಚುವುದೇ ಆಟವೆಂದು ತಿಳಿದಿದ್ದ ಆ ದಿನಗಳಲ್ಲಿ ಇವು ಸಾಮಾನ್ಯ ಮಾತುಗಳಾಗಿರಲಿಲ್ಲ.

ಈ ನೀತಿನಿಷ್ಠೆಯ ಹಿನ್ನೆಲೆಯೂ ತಿಳಿಯತಕ್ಕದ್ದೇ. ಟ್ರೇಸಿಯವರು ದೈವಭೀರುಗಳಾದ ಮಾರ್ಮನ್ ಪಂಥದವರು. ವಿವಾಹಕ್ಕೆ ಮುಂಚೆ ಇಂಡೋನೇಷಿಯಾದ ಜಾವಾ ದ್ವೀಪದಲ್ಲಿ ಧರ್ಮಪ್ರಚಾರಕರಾಗಿದ್ದು ಅಲ್ಲಿಯ ಭಾಷೆಯನ್ನು ಕಲಿತಿದ್ದರು. ಹಿಂದಿರುಗಿದ ಮೇಲೆ ದಂಪತಿಗಳು ಬರೆದ ಮತ್ತೊಂದು ಸಿದ್ಧಕಥೆಯ ಹೆಸರು ‘ರಹಾಸಿಯ’. ಕನ್ನಡಿಗರಿಗೆ ಈ ಪದದ ಅರ್ಥ ಹೇಳಬೇಕಾಗಿಲ್ಲ. ಸಂಸ್ಕೃತದ ‘ರಹಸ್ಯ’ವೇ ಸಮುದ್ರ ದಾಟಿ ಜಾವಾದಲ್ಲಿ ನೆಲೆಸಿ, ಅಲ್ಲಿಂದ ಅಮೆರಿಕದ ಆಟದ ಪುಸ್ತಕವೊಂದರ ಮುಖಪುಟಕ್ಕೆ ಏರಿತು.

ಆದರೆ ಕಥೆಗಳಿಂದ ಹೊಟ್ಟೆ ತುಂಬುತ್ತಿರಲಿಲ್ಲ. ವ್ಯವಹಾರದಲ್ಲಿ ಮೋಸಹೋಗಿ ಸಂಸಾರ ಬೀದಿಗೆ ಬೀಳುವ ಸ್ಥಿತಿಗೆ ಬಂದಾಗ, ಮಕ್ಕಳಿಗೆ ಬೂಟು ಕೊಳ್ಳಲಾದರೂ ಹಣ ಸಿಕ್ಕೀತೆಂದು ಟ್ರೇಸಿಯವರು ತಮ್ಮ ಎರಡು ಸಿದ್ಧಕಥೆಗಳನ್ನು ಆಟದ ಪ್ರಕಾಶಕರಾದ ಟಿ.ಎಸ್.ಆರ್. ಕಂಪೆನಿಗೆ ಮಾರಲು ಕಳುಹಿಸಿದರು. ಕಂಪೆನಿ ಕಥೆಗಳನ್ನು ಕೊಂಡುದಲ್ಲದೆ ಅವರಿಗೆ ನೌಕರಿಯನ್ನೂ ಕೊಟ್ಟಿತು. ಇದನ್ನು ಕೇಳಿ ಅವರ ತಂದೆತಾಯಿಗಳಿಗೆ ಹಿಗ್ಗಾಗಲಿಲ್ಲ. ದೆವ್ವದ ಕಥೆ ಬರೆಯುವುದಕ್ಕಿಂತ ಅಡುಗೆ ಕೆಲಸ ಹಿಡಿಯುವುದೇ ಮೇಲೆಂದು ಅಂಗಲಾಚಿದರಂತೆ. ಮಗನ ಸಂಬಳದ ಚಿಂತೆ ಯಾವ ದೇಶದ ತಂದೆತಾಯಿಗಳನ್ನೂ ಬಿಟ್ಟಿಲ್ಲ. 1982ರಲ್ಲಿ ಸಂಸಾರ ಯೂಟಾ ಬಿಟ್ಟು ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಊರಿಗೆ ಬಂದಿತು. ಮರುವರ್ಷ ‘ರೇವನ್‌ಲಾಫ್ಟ್’ ಅಚ್ಚಾಯಿತು.

ಇನ್ನೊಂದು ಸೋಜಿಗವಿದೆ. ಇದೇ 1980ರ ದಶಕದಲ್ಲಿ ಅಮೆರಿಕದಲ್ಲಿ ಈ ಆಟದ ವಿರುದ್ಧ ದೊಡ್ಡ ಗದ್ದಲವೆದ್ದಿತು. ಇದು ಮಕ್ಕಳನ್ನು ಸೈತಾನನ ಆರಾಧನೆಗೆ ಎಳೆಯುವುದೆಂದು ಕೆಲವರು ಸಂಘ ಕಟ್ಟಿ ಪ್ರಚಾರ ಮಾಡಿದರು. ಅದೇ ಆಟದ ಅತ್ಯಂತ ಭೀಕರವಾದ ಕಥೆಯನ್ನು ಬರೆದವರಲ್ಲೊಬ್ಬರು ಧರ್ಮಪ್ರಚಾರಕರಾಗಿದ್ದವರೆಂಬುದು ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ಇಸ್ಪೀಟಿನಲ್ಲಿ ಅಡಗಿದ ಅಂತ್ಯ

ಆ 32 ಪುಟಗಳಲ್ಲಿ ಅಡಗಿಸಿದ್ದ ಚಮತ್ಕಾರಗಳು ಅನೇಕ. ಕಥೆಯ ಮೊದಲ ಭಾಗದಲ್ಲಿ ಕಣಿ ಹೇಳುವ ಮುದುಕಿಯೊಬ್ಬಳು ಬರುವಳು. ಅವಳ ಹೆಸರು ಮೇಡಂ ಈವಾ. ಸೂತ್ರಧಾರನು ಮನೆಯಲ್ಲಿರುವ ಸಾಧಾರಣ ಇಸ್ಪೀಟು ಕಟ್ಟಿನಿಂದಲೇ ಎಲೆಗಳನ್ನು ಎತ್ತಿ ಅವಳ ಕಣಿಯನ್ನು ನುಡಿಯಬೇಕು. ಯಾವ ಎಲೆ ಬಂದಿತೋ ಅದರಂತೆ ಪಿಶಾಚಿಯನ್ನು ಗೆಲ್ಲುವ ಖಡ್ಗ ಎಲ್ಲಿದೆ, ಅವನ ದಿನಚರಿಯ ಪುಸ್ತಕ ಎಲ್ಲಿದೆ, ಅವನು ಎಲ್ಲಿ ಎದುರಾಗುವನು, ಅವನ ಅಂತರಂಗದ ಹಂಚಿಕೆ ಏನು ಎಂಬುದೆಲ್ಲ ನಿಶ್ಚಯವಾಗುವುದು. ಆದುದರಿಂದ ಒಂದು ಮನೆಯಲ್ಲಿ ಆಡಿದ ಕಥೆ ಪಕ್ಕದ ಮನೆಯ ಕಥೆಯಂತಿರದು. ಒಮ್ಮೆ ಆಡಿದವರೂ ಮತ್ತೊಮ್ಮೆ ಮೊದಲಿನಿಂದ ಹುಡುಕಬೇಕು. 1992ರಲ್ಲಿ ಕಂಪೆನಿ ಈ ಕಣಿಗೆಂದೇ 54 ಎಲೆಗಳ ವಿಶೇಷ ಕಟ್ಟನ್ನು ಅಚ್ಚುಹಾಕಿಸಿತು. ಅದರ ಹೆಸರು ‘ಟಾರೋಕಾ’.

ಕೋಟೆಯ ನಕ್ಷೆಗಳೂ ಹೆಸರಾದವು. ಅಲ್ಲಿಯವರೆಗೆ ಆಟದ ನಕ್ಷೆಗಳೆಂದರೆ ಮನೆ ಕಟ್ಟುವ ಮೇಸ್ತ್ರಿಯ ಕಾಗದದಂತೆ ಚಪ್ಪಟೆಯಾದ ಚೌಕಗಳು. ಡೇವಿಡ್ ಸದರ್ಲೆಂಡ್ ಎಂಬ ಕಲಾವಿದರು ರೇವನ್‌ಲಾಫ್ಟನ್ನು ಮೇಲಿನಿಂದ ಓರೆಯಾಗಿ ನೋಡಿದಂತೆ, ಮಹಡಿಯ ಮೇಲೆ ಮಹಡಿಯಾಗಿ, ಗೋಪುರಗಳೂ ಸುರುಳಿ ಮೆಟ್ಟಿಲುಗಳೂ ಕಾಣುವಂತೆ ಬರೆದರು. ಯಾವ ಮೆಟ್ಟಿಲು ಯಾವ ಅಂತಸ್ತಿಗೆ ಇಳಿಯುವುದೆಂಬುದನ್ನು ಬೆರಳಿಟ್ಟು ತೋರಿಸಬಹುದಾಗಿದ್ದಿತು. ಕಟ್ಟಡ ಬುದ್ಧಿಗೆ ಒಪ್ಪಬೇಕೆಂಬ ದಂಪತಿಗಳ ಕಟ್ಟುಪಾಡು ಹೀಗೆ ಕಣ್ಣಿಗೂ ಒಪ್ಪಿಗೆಯಾಯಿತು. ಮುಖಪುಟದ ಸ್ಟ್ರಾಡನನ್ನು ಚಿತ್ರಿಸಿದವರು ಕ್ಲೈಡ್ ಕಾಲ್ಡ್‌ವೆಲ್.

ಅಷ್ಟು ಭಯದ ನಡುವೆ ನಗೆಗೂ ಎಡೆಯಿತ್ತು. ಕೋಟೆಯ ತಳದ ನೆಲಮನೆಯಲ್ಲಿ ಸಾಲು ಸಾಲು ಗೋರಿಗಳಿವೆ. ಅಲ್ಲಿ ಮಲಗಿದವರ ಹೆಸರುಗಳಲ್ಲಿ ಎಷ್ಟೋ ಬರಿಯ ಶಬ್ದಚೇಷ್ಟೆ. ‘ಸರ್ ಕ್ಲಟ್ಜ್ ಟ್ರಿಪಾಲಾಟ್‌ಸ್ಕಿ’ ಎಂಬ ವೀರನ ಹೆಸರನ್ನು ಕನ್ನಡಿಸಿದರೆ ‘ಮುಗ್ಗರಿಸುವ ಪೆದ್ದಣ್ಣ’ ಎಂದಾದೀತು. ಅವನು ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸತ್ತವನು! ರಾತ್ರಿಯೆಲ್ಲ ಹೆದರಿದ ಆಟಗಾರರು ಇಲ್ಲಿ ಒಮ್ಮೆ ನಕ್ಕು ಹಗುರಾಗುವರು. ಮರುಕ್ಷಣ ಮುಂದಿನ ಗೋರಿಯ ಮುಚ್ಚಳ ಸರಿಯುವುದು.

ಸೆರೆಮನೆಯಾದ ಸೀಮೆ

ಪುಸ್ತಿಕೆಯ ಯಶಸ್ಸನ್ನು ಕಂಡ ಕಂಪೆನಿ 1990ರಲ್ಲಿ ಅದನ್ನು ಒಂದು ಲೋಕವಾಗಿಯೇ ಬೆಳೆಸಿತು. ಆ ಕೆಲಸ ಮಾಡಿದವರು ಬ್ರೂಸ್ ನೆಸ್ಮಿತ್ ಮತ್ತು ಆಂಡ್ರಿಯಾ ಹೇಡೇ. ಇದೇ ನೆಸ್ಮಿತ್ ಅವರು ಮುಂದೆ 2011ರಲ್ಲಿ ಬಂದ ‘ಸ್ಕೈರಿಮ್’ ಎಂಬ ಪ್ರಖ್ಯಾತ ಕಂಪ್ಯೂಟರ್ ಆಟದ ವಿನ್ಯಾಸಕಾರರಲ್ಲಿ ಪ್ರಮುಖರಾದರು. ಸ್ಟ್ರಾಡನೊಬ್ಬನ ಕೋಟೆ ಸಾಲದೆಂದು ಅವರು ಅಂಥ ಹಲವಾರು ಸೀಮೆಗಳನ್ನು ಕಲ್ಪಿಸಿ, ಅವುಗಳ ಸುತ್ತ ಮಂಜನ್ನು ಹರಡಿದರು. ಒಂದೊಂದು ಸೀಮೆಗೂ ಒಬ್ಬ ಕರಾಳ ಪ್ರಭು. ಅವನು ತನ್ನ ನೆಲದಲ್ಲಿ ಸರ್ವಶಕ್ತ. ಆದರೆ ಮಂಜನ್ನು ದಾಟಿ ಹೊರಗೆ ಹೋಗಲಾರ. ಆಳುವ ರಾಜ್ಯವೇ ಅವನ ಸೆರೆಮನೆ. ಅವನು ಮಾಡಿದ ಪಾಪಕ್ಕೆ ತಕ್ಕಂತೆ ಕಟ್ಟಿದ ಸೆರೆಮನೆ. ಸ್ಟ್ರಾಡನಿಗೆ ಆ ಕನ್ಯೆ ಜನ್ಮ ಜನ್ಮಾಂತರದಲ್ಲಿ ಎದುರಾಗುವಳು, ಪ್ರತಿಸಲವೂ ಕೈತಪ್ಪುವಳು. ಕರ್ಮಫಲದ ಮಾತನ್ನು ಕೇಳುತ್ತ ಬೆಳೆದವರಿಗೆ ಈ ಏರ್ಪಾಡು ಬೇಗನೆ ಅರ್ಥವಾಗುವುದು.

1991ರಿಂದ ಕಾದಂಬರಿಗಳು ಬರತೊಡಗಿದವು. ಮೊದಲನೆಯದಾದ ‘ವ್ಯಾಂಪೈರ್ ಆಫ್ ದಿ ಮಿಸ್ಟ್ಸ್’ ಅದರ ಲೇಖಕಿ ಕ್ರಿಸ್ಟಿ ಗೋಲ್ಡನ್ ಅವರ ಚೊಚ್ಚಲ ಕೃತಿ. ಅದೇ ವರ್ಷ ಜೇಮ್ಸ್ ಲೌಡರ್ ಅವರ ಕಾದಂಬರಿಯಲ್ಲಿ, ಟ್ರೇಸಿ ಹಿಕ್‌ಮನ್ ಮತ್ತು ಮಾರ್ಗರೆಟ್ ವೈಸ್ ಅವರ ‘ಡ್ರ್ಯಾಗನ್‌ಲಾನ್ಸ್’ ಕಥಾಮಾಲೆಯ ಸಾತ್ ಎಂಬ ಶಾಪಗ್ರಸ್ತ ಯೋಧನನ್ನು ಮಂಜಿನ ಸೀಮೆಗೆ ಸೆಳೆದು ತಂದರು. ತಮ್ಮ ಕಥಾಪಾತ್ರವನ್ನು ಇನ್ನೊಬ್ಬರು ಹೀಗೆ ಸೆರೆಹಿಡಿದದ್ದು ಮೂಲ ಲೇಖಕರಿಗೆ ಹಿಡಿಸಲಿಲ್ಲ. ಕಂಪೆನಿಯ ಸ್ವತ್ತಾದ ಪಾತ್ರಗಳನ್ನು ಸೃಷ್ಟಿಸಿದವರ ಪಾಡೇ ಹಾಗೆ; ಹೆತ್ತವರು ಒಬ್ಬರು, ಒಡೆಯರು ಇನ್ನೊಬ್ಬರು. ಆ ಕಂಪೆನಿಯೂ ಒಂದೇ ಕೈಯಲ್ಲಿ ಉಳಿಯಲಿಲ್ಲ. 1997ರಲ್ಲಿ ಟಿ.ಎಸ್.ಆರ್.ಅನ್ನು ‘ವಿಜರ್ಡ್ಸ್ ಆಫ್ ದಿ ಕೋಸ್ಟ್’ ಕೊಂಡಿತು. 1999ರಲ್ಲಿ ಅದನ್ನು ಆಟಿಕೆಗಳ ದೊಡ್ಡ ಸಂಸ್ಥೆಯಾದ ಹ್ಯಾಸ್‌ಬ್ರೋ ಕೊಂಡಿತು.

ಅಲೆಮಾರಿಗಳ ಅಳಲು

2016ರಲ್ಲಿ ಹೊಸ ಒಡೆಯರು ಹಳೆಯ ಕಥೆಯನ್ನು ‘ಕರ್ಸ್ ಆಫ್ ಸ್ಟ್ರಾಡ್’ ಎಂಬ ಹೆಸರಿನಲ್ಲಿ ವಿಸ್ತರಿಸಿದರು. ಕ್ರಿಸ್ ಪರ್ಕಿನ್ಸ್ ಅವರ ನೇತೃತ್ವದಲ್ಲಿ ನಡೆದ ಈ ಕೆಲಸಕ್ಕೆ ಹಿಕ್‌ಮನ್ ದಂಪತಿಗಳೇ ಸಲಹೆಗಾರರಾದರು. 32 ಪುಟಗಳ ಪುಸ್ತಿಕೆ 256 ಪುಟಗಳ ಗ್ರಂಥವಾಯಿತು. ಅದು ಬಹು ಜನಪ್ರಿಯವೂ ಆಯಿತು. ಆಗ ಹಳೆಯ ಪ್ರಶ್ನೆಯೇ ಹೊಸ ರೂಪದಲ್ಲಿ ಬಂದು ಬಾಗಿಲು ತಟ್ಟಿತು. ಈ ಸಲ ಅದು ಪಿಶಾಚಿಯನ್ನು ಕುರಿತದ್ದಲ್ಲ. ಕಣಿ ಹೇಳುವ ಮುದುಕಿಯನ್ನು ಕುರಿತದ್ದು.

ಕಥೆಯಲ್ಲಿ ಆ ಮುದುಕಿಯ ಜನ ‘ವಿಸ್ತಾನಿ’ಗಳು. ಬಣ್ಣದ ಬಂಡಿಗಳಲ್ಲಿ ಊರೂರು ತಿರುಗುವವರು. ಹಳೆಯ ಪುಸ್ತಕಗಳಲ್ಲಿ ಅವರು ಕುಡುಕರು, ಕಳ್ಳರು, ಪಿಶಾಚಿಯ ಬೇಹುಗಾರರು. ಇವರ ಅಚ್ಚು ಯಾವುದೆಂಬುದು ಗುಟ್ಟೇನಲ್ಲ. ಯೂರೋಪಿನಲ್ಲಿ ‘ಜಿಪ್ಸಿ’ಗಳೆಂದು ಕರೆಸಿಕೊಂಡ ರೋಮಾನಿ ಜನರ ಬಗೆಗೆ ಅಲ್ಲಿಯ ಜನ ಶತಮಾನಗಳಿಂದ ಹೇಳುತ್ತ ಬಂದ ನಿಂದೆಗಳೇ ಕಥೆಯೊಳಗೆ ಇಳಿದಿದ್ದವು.

ಆ ರೋಮಾನಿಗಳು ಯಾರು? ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದಿಂದ ಪಶ್ಚಿಮಕ್ಕೆ ವಲಸೆ ಹೋದವರ ಸಂತತಿಯೆಂದು ಭಾಷೆಯೇ ಸಾಕ್ಷಿ ನುಡಿಯುವುದು. ಅವರ ಬಾಯಲ್ಲಿ ನೀರು ‘ಪಾನಿ’, ಮನುಷ್ಯನು ‘ಮನುಷ್’, ಹತ್ತು ‘ದೇಶ್’. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಈ ಜನರಲ್ಲಿ ಲಕ್ಷಾಂತರ ಮಂದಿಯನ್ನು ಕೊಂದರು. ಅವರು ಹುಟ್ಟುಗಳ್ಳರೆಂಬ ಹಳೆಯ ಮಾತು ಆ ಕೊಲೆಗೆ ದಾರಿ ಮಾಡಿಕೊಟ್ಟ ಮಾತುಗಳಲ್ಲೊಂದು.

ಕನ್ನಡ ನಾಡಿಗೂ ಈ ಬಗೆಯ ಮಾತು ಅಪರಿಚಿತವಲ್ಲ. 1871ರಲ್ಲಿ ಬ್ರಿಟಿಷ್ ಸರ್ಕಾರ ತಂದ ಕಾನೂನು ದೇಶದ ಅನೇಕ ಅಲೆಮಾರಿ ಬುಡಕಟ್ಟುಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರಿತು. ಕೂಸು ತೊಟ್ಟಿಲಲ್ಲಿರುವಾಗಲೇ ಕಳ್ಳನೆನಿಸಿತು. ಸ್ವಾತಂತ್ರ್ಯ ಬಂದ ಮೇಲೆ, 1952ರ ಆಗಸ್ಟ್ 31ರಂದು, ಈ ಕಳಂಕವನ್ನು ಕಾನೂನಿನಿಂದ ಅಳಿಸಲಾಯಿತು. ಜನರ ಮನಸ್ಸಿನಿಂದ ಅದು ಅಷ್ಟು ಬೇಗ ಅಳಿಯಲಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಹೀಗಿರಲು, ಕಥೆಯಲ್ಲಿ ಅಲೆಮಾರಿಯನ್ನು ಕಳ್ಳನಾಗಿ ಚಿತ್ರಿಸುವುದು ಬರಿಯ ಆಟವೆಂದು ತಳ್ಳಿಹಾಕುವುದು ಸಾಧ್ಯವೇ?

2020ರ ಜೂನ್ ತಿಂಗಳಲ್ಲಿ ಪ್ರಕಾಶಕರು ಈ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು. ರೋಮಾನಿ ಸಲಹೆಗಾರರೊಬ್ಬರ ನೆರವು ಪಡೆದುದನ್ನು ತಿಳಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊಸ ಆವೃತ್ತಿ ಬಂದಿತು. ಅದನ್ನು ಶವಪೆಟ್ಟಿಗೆಯ ಆಕಾರದ ಡಬ್ಬಿಯಲ್ಲಿಟ್ಟು ಮಾರಿದ್ದು ವ್ಯಾಪಾರದ ಚಾತುರ್ಯ; ಆದರೆ ಒಳಗಿನ ತಿದ್ದುಪಡಿ ಅದಕ್ಕಿಂತ ದೊಡ್ಡದು. ವಿಸ್ತಾನಿಗಳನ್ನು ಕುಡುಕರೆಂದೂ ಕಳ್ಳರೆಂದೂ ಸಾರಾಸಗಟಾಗಿ ಕರೆಯುವ ಮಾತುಗಳನ್ನು ತೆಗೆದರು. ಆ ಜನದ ಎಸ್ಮರೆಲ್ಡಾ ಎಂಬ ಧೀರೆಗೆ ಒಂದು ಕಾಲು ಕೃತಕವಾದುದು. ಹಿಂದೆ ಆಕೆ ಅದಕ್ಕೆ ನಾಚಿ ಮರೆಮಾಚುವಳೆಂದು ಬರೆದಿತ್ತು. ಹೊಸ ಪಾಠದಲ್ಲಿ ಆ ನಾಚಿಕೆ ಇಲ್ಲ.

ಹುಲಿಮೊಗದ ರಾಕ್ಷಸನಿಂದ ಕಲಕೇರಿಗೆ

ತಿದ್ದುಪಡಿ ಭಾರತದ ಬಾಗಿಲಿಗೂ ಬಂದಿತು. ಈ ಆಟದಲ್ಲಿ ಮೊದಲಿನಿಂದಲೂ ‘ರಾಕ್ಷಸ’ ಎಂಬ ಪ್ರಾಣಿಯೊಂದು ಇದ್ದಿತು. ಯಕ್ಷಗಾನದ ಬಣ್ಣದ ವೇಷವನ್ನು ನೆನೆದು ಅದನ್ನು ಹುಡುಕಿದವರಿಗೆ ನಿರಾಶೆಯಾದೀತು. ಇದು ಹುಲಿಯ ತಲೆಯುಳ್ಳ ಜೀವಿ; ನಂಬಿದವರ ರೂಪ ತಾಳಿ ಬಂದು ಮೋಸಗೊಳಿಸುವುದು; ಮಂತ್ರಿಸಿದ ಅಡ್ಡಬಿಲ್ಲಿನ ಬಾಣ ತಗುಲಿದರೆ ಸಾಯುವುದು. ವಾಲ್ಮೀಕಿಯಲ್ಲಿಯಾಗಲಿ ಕನ್ನಡದ ಯಾವ ಕವಿಯಲ್ಲಿಯಾಗಲಿ ಕಾಣದ ಈ ಅಡ್ಡಬಿಲ್ಲು ಬಂದುದು 1974ರಲ್ಲಿ ಅಮೆರಿಕದಲ್ಲಿ ಪ್ರಸಾರವಾದ ‘ಕೋಲ್‌ಚಾಕ್’ ಎಂಬ ಟೆಲಿವಿಷನ್ ಕಥಾಮಾಲೆಯ ಒಂದು ಕಂತಿನಿಂದ! ಮರುವರ್ಷವೇ ಆ ರಾಕ್ಷಸ ಆಟದೊಳಕ್ಕೆ ಬಂದನು. ಮಾರೀಚನ ಮಾಯಾರೂಪದ ನೆರಳೊಂದನ್ನು ಬಿಟ್ಟರೆ ಅವನಿಗೂ ಲಂಕೆಗೂ ನಂಟು ಕಡಿಮೆ.

1990ರ ದಶಕದಲ್ಲಿ ಮಂಜಿನ ಲೋಕಕ್ಕೆ ‘ಶ್ರೀರಾಜಿ’ ಎಂಬ ಭಾರತದಂಥ ಸೀಮೆಯನ್ನು ಸೇರಿಸಿದಾಗ ಅದಕ್ಕೆ ಒಡೆಯನಾದವನೂ ಇಂಥ ರಾಕ್ಷಸನೇ. ಅವನ ಹೆಸರು ಅರಿಜನಿ. ಕಾಡು, ಹುಲಿ, ಮಾಯೆ—ದೂರದಿಂದ ನೋಡುವವರಿಗೆ ಭಾರತ ಕಂಡದ್ದು ಇಷ್ಟೇ.

2021ರ ಮೇ ತಿಂಗಳಲ್ಲಿ ಈ ಲೋಕದ ಹೊಸ ಕೈಪಿಡಿ ಹೊರಬಂದಾಗ ಶ್ರೀರಾಜಿಯ ಸ್ಥಾನದಲ್ಲಿ ಬೇರೊಂದು ಸೀಮೆ ಇದ್ದಿತು. ಅದರ ಹೆಸರು ‘ಕಲಕೇರಿ’. ಕನ್ನಡಿಗರ ಕಿವಿಗೆ ಈ ಹೆಸರು ಹೊರಗಿನದೆನಿಸದು. ಧಾರವಾಡದ ಬಳಿ, ಸಂಗೀತ ವಿದ್ಯಾಲಯಕ್ಕೆ ಹೆಸರಾದ ಕಲಕೇರಿಯನ್ನು ಅನೇಕರು ಬಲ್ಲರು. ಆಟದ ಕಲಕೇರಿಯ ಕೇಂದ್ರ ಹುಲಿಯೂ ಅಲ್ಲ, ಮಾಯೆಯೂ ಅಲ್ಲ, ಒಂದು ಸಿಂಹಾಸನ. ಅದಕ್ಕಾಗಿ ಮಹಾರಾಣಿ ರಮ್ಯಾ ವಾಸವದನ್ ಮತ್ತು ಅವಳ ಒಡಹುಟ್ಟಿದವರಾದ ಅರಿಜನಿ, ರೀವಾ ಕಾದಾಡುವರು. ರಮ್ಯಾ ಸತ್ತೂ ಸಾಯದ ಯೋಧೆ. ಯುದ್ಧಕ್ಕೆ ಕೊನೆಯಿಲ್ಲ, ಬಡವಾಗುವುದು ನಾಡು. ದಾಯಾದಿಗಳ ಜಗಳದಿಂದ ಕುಲವೇ ನಾಶವಾದ ಕಥೆಯನ್ನು ಹಸುಳೆತನದಿಂದ ಕೇಳಿದ ಜನರಿಗೆ ಈ ಭಯ ಎರವಲು ತಂದ ಭಯವಲ್ಲ.

ಇದನ್ನು ಬರೆದವರು ಭಾರತೀಯ ಮೂಲದ ಅಜಿತ್ ಜಾರ್ಜ್. ಆಟದ ಬರವಣಿಗೆ ಅವರ ಒಂದು ಮುಖ ಮಾತ್ರ. ಇನ್ನೊಂದು ಮುಖವನ್ನು ಕಾಣಬೇಕಾದರೆ ಬೆಂಗಳೂರಿನಿಂದ ಬಹುದೂರ ಹೋಗಬೇಕಾಗಿಲ್ಲ. ಕುಮಾರಸ್ವಾಮಿ ಲೇಔಟಿನಿಂದ ಹೊರಟು, ಹೊಸೂರು ರಸ್ತೆಯನ್ನು ಹಿಡಿದು, ಅತ್ತಿಬೆಲೆಯ ಗಡಿ ದಾಟಿದರೆ ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ಸೀಮೆ. ಅಲ್ಲಿ ಕೃಷ್ಣಗಿರಿ ಜಿಲ್ಲೆಯ ಬಾಲಿಗಾನಪಳ್ಳಿಯಲ್ಲಿ ‘ಶಾಂತಿ ಭವನ’ ಎಂಬ ವಸತಿ ಶಾಲೆಯಿದೆ. ಅಜಿತರ ತಂದೆ ಅಬ್ರಹಾಂ ಜಾರ್ಜ್ ಅವರು ಕಡುಬಡವರ ಮಕ್ಕಳಿಗಾಗಿ 1997ರಲ್ಲಿ ಸ್ಥಾಪಿಸಿದ ಶಾಲೆ ಅದು. ಅಲ್ಲಿಯ ಬಾಲಕಿಯರ ಬಾಳನ್ನು ಕುರಿತ ‘ಡಾಟರ್ಸ್ ಆಫ್ ಡೆಸ್ಟಿನಿ’ ಎಂಬ ಸಾಕ್ಷ್ಯಚಿತ್ರ 2017ರಲ್ಲಿ ಜಗತ್ತಿನ ಅನೇಕ ದೇಶಗಳಲ್ಲಿ ಪ್ರದರ್ಶಿತವಾಯಿತು. ಕಲಕೇರಿಯನ್ನು ಬರೆದ ದಿನಗಳಲ್ಲಿ ಅಜಿತರು ಈ ಸಂಸ್ಥೆಯ ಕಾರ್ಯನಿರ್ವಹಣೆಯ ಹೊಣೆ ಹೊತ್ತಿದ್ದರು.

ಮರುವರ್ಷ, 2022ರಲ್ಲಿ, ಅವರೂ ವೆಸ್ಲಿ ಶ್ನೈಡರ್ ಅವರೂ ಕೂಡಿ ‘ರೇಡಿಯಂಟ್ ಸಿಟಡೆಲ್’ ಎಂಬ ಹದಿಮೂರು ಸಿದ್ಧಕಥೆಗಳ ಗ್ರಂಥಕ್ಕೆ ನೇತೃತ್ವ ವಹಿಸಿದರು. ಅದರ ಕಥೆಗಳನ್ನೆಲ್ಲ ಬರೆದವರು ಆಫ್ರಿಕ, ಏಷ್ಯ, ಲ್ಯಾಟಿನ್ ಅಮೆರಿಕ ಮೊದಲಾದ ಮೂಲಗಳ ಲೇಖಕರು. ಒಬ್ಬೊಬ್ಬರೂ ತಂತಮ್ಮ ಅಜ್ಜಿಯರಿಂದ ಕೇಳಿದಂಥ ನೆಲವನ್ನು ತಂದರು. ಬಂಗಾಳದ ನದಿ ಕಾಡುಗಳ ಛಾಯೆಯುಳ್ಳ ಕಥೆಯನ್ನು ಬರೆದವರು ಕಲ್ಕತ್ತೆಯಲ್ಲಿ ಹುಟ್ಟಿದ ಮಿಮಿ ಮಂಡಲ್.

ಭಯವಿಲ್ಲದ ಸಾಹಿತ್ಯ ಯಾವ ಭಾಷೆಯಲ್ಲಿಯೂ ಇಲ್ಲ. ಭಯಾನಕವನ್ನು ನವರಸಗಳಲ್ಲಿ ಒಂದೆಂದು ಎಣಿಸಿದ ನಾಡಿಗೆ ಇದನ್ನು ಹೇಳಬೇಕಾಗಿಲ್ಲ. ಮಕ್ಕಳು ಕಥೆಯಲ್ಲಿ ಹೆದರುವುದರಿಂದ ಕೆಡಕೇನೂ ಇಲ್ಲ. ಯಾರನ್ನು ಕಂಡು ಹೆದರಬೇಕೆಂದು ಕಥೆ ಅವರಿಗೆ ಕಲಿಸುವುದೋ ಅದನ್ನು ಮಾತ್ರ ದೊಡ್ಡವರು ಗಮನಿಸಬೇಕು. ತಮ್ಮನನ್ನು ಕೊಂದ ಪ್ರಭುವನ್ನು ಕಂಡು ಹೆದರುವುದು ವಿವೇಕ. ಬಂಡಿಯಲ್ಲಿ ಬಂದ ಬಡವನನ್ನು ಕಂಡು ಹೆದರುವುದು ಅವಿವೇಕ. ಎರಡನ್ನೂ ಬೇರ್ಪಡಿಸಲು ಬೇಕಾದುದು ಟ್ರೇಸಿ ಹಿಕ್‌ಮನ್ ಅವರು ಅಂದು ಬೇಸರದಿಂದ ಕೇಳಿದ ಪ್ರಶ್ನೆಯೇ: ಇವನನ್ನು ಇಲ್ಲೇಕೆ ನಿಲ್ಲಿಸಿದ್ದಾರೆ?

ರೇವನ್‌ಲಾಫ್ಟಿನ ಸ್ಟ್ರಾಡನು ಆ ಪ್ರಶ್ನೆಯನ್ನು ತನಗೆ ತಾನೇ ಎಂದೂ ಕೇಳಿಕೊಳ್ಳಲಿಲ್ಲ. ತಪ್ಪು ತಮ್ಮನದೆಂದ, ಆ ಕನ್ಯೆಯದೆಂದ, ವಿಧಿಯದೆಂದ; ತನ್ನದೆನ್ನಲಿಲ್ಲ. ಆದುದರಿಂದಲೇ ಮಂಜು ಅವನಿಗೆ ದಾರಿ ಬಿಡದು. ಅವನ ಕಥೆಯನ್ನು ಅಚ್ಚುಹಾಕಿದವರು ತಡವಾಗಿಯಾದರೂ ತಮ್ಮ ತಪ್ಪನ್ನು ಒಪ್ಪಿಕೊಂಡರು; ಕಥೆ ಕೋಟೆಯನ್ನು ದಾಟಿ ಕಲಕೇರಿಯವರೆಗೂ ಬಂದಿತು.